ಎರಡನೇ ಮಹಾಯುದ್ಧದ ಬರ್ಮಾ ರಂಗದ ಬ್ರಿಟಿಷ್ ಯುದ್ಧವಿಮಾನವಾದ ಸ್ಪಿಟ್‌ಫೈರ್ ಕಿರುಮಾದರಿಗೆ ಸರಿಯಾದ ಬಣ್ಣ ಮತ್ತು ಗುರುತುಗಳನ್ನು ಪತ್ತೆಹಚ್ಚುವುದು ಹೇಗೆ?

ಬಣ್ಣದ ಡಬ್ಬಿ ತೆರೆಯುವ ಮೊದಲು ಯಾವ ಸ್ಕ್ವಾಡ್ರನ್ನಿನ (ವಾಯುಪಡೆಯ ತುಕಡಿಯ), ಯಾವ ಸರಣಿ ಸಂಖ್ಯೆಯ, ಯಾವ ತಿಂಗಳಿನ ವಿಮಾನವೆಂಬುದನ್ನು ನಿಶ್ಚಯಿಸಿಕೊಳ್ಳಿ. ಈ ರಂಗದಲ್ಲಿ ತಿಂಗಳಿಗೆ ಬಹಳ ಬೆಲೆಯಿದೆ. ಜಪಾನಿ ವಿಮಾನಗಳ ಕೆಂಪು ವೃತ್ತದೊಂದಿಗೆ ಗೊಂದಲವಾಗಬಾರದೆಂದು ಬ್ರಿಟಿಷ್ ವಾಯುಪಡೆಯು ತನ್ನ ವೃತ್ತಚಿಹ್ನೆಯ ನಡುವಿನ ಕೆಂಪನ್ನು ಇಲ್ಲಿ ಕೈಬಿಟ್ಟು, ಕಡುನೀಲಿ ಮತ್ತು ತಿಳಿನೀಲಿಯ ಚಿಕ್ಕ ಚಿಹ್ನೆಯನ್ನು ಬಳಕೆಗೆ ತಂದಿತು. 1945ರಲ್ಲಿ ರೆಕ್ಕೆ ಹಾಗೂ ಬಾಲದ ಮೇಲೆ ಅಗಲವಾದ ಬಿಳಿ ಪಟ್ಟಿಗಳೂ ಬಂದವು. ಆದ್ದರಿಂದ ಯುರೋಪಿನ ಗುರುತುಗಳನ್ನು ಹಾಗೆಯೇ ಅಂಟಿಸಿದರೆ ಮಾದರಿ ತಪ್ಪಾಗುತ್ತದೆ.

ಆ ವಿಮಾನ ಎಂದು, ಯಾರ ಕೈಯಲ್ಲಿ ಹಾರಿತೆಂಬುದನ್ನು ತಿಳಿಯಲು ಲಂಡನ್ನಿನ ಕ್ಯೂನಲ್ಲಿರುವ ರಾಷ್ಟ್ರೀಯ ಪತ್ರಾಗಾರದ ಸ್ಕ್ವಾಡ್ರನ್ ಕಾರ್ಯಾಚರಣೆ ದಾಖಲೆಗಳು, ಅಂದರೆ ಏರ್ 27 ಸರಣಿ, ನೆರವಾಗುತ್ತವೆ. ಅವುಗಳಲ್ಲಿ ಬಣ್ಣದ ವಿವರ ಸಿಗುವುದು ಅಪರೂಪ. ಅದಕ್ಕೆ ಛಾಯಾಚಿತ್ರಗಳೇ ಗತಿ.

ಛಾಯಾಚಿತ್ರವನ್ನು ಓದುವಾಗ ಎಚ್ಚರ ಬೇಕು. ಆರ್ಥೋಕ್ರೊಮ್ಯಾಟಿಕ್ ಫಿಲ್ಮ್ ಕೆಂಪು ಬೆಳಕಿಗೆ ಸ್ಪಂದಿಸುವುದಿಲ್ಲವಾದ್ದರಿಂದ ಅದರಲ್ಲಿ ಕೆಂಪು ಕಪ್ಪಾಗಿಯೂ, ಹಳದಿ ಗಾಢವಾಗಿಯೂ, ನೀಲಿ ತೆಳುವಾಗಿಯೂ ಮೂಡುತ್ತವೆ. ಎಲ್ಲ ಬಣ್ಣಗಳ ಬೆಳಕಿಗೂ ಸ್ಪಂದಿಸುವ ಪ್ಯಾಂಕ್ರೊಮ್ಯಾಟಿಕ್ ಫಿಲ್ಮಿನ ಛಾಯೆಗಳೇ ಬೇರೆ. ಮೇಲ್ಮೈ ಹಸಿರು-ಕಂದೋ ಹಸಿರು-ಬೂದೋ ಎಂಬ ಪ್ರಶ್ನೆಯನ್ನು ಒಂದೇ ಕಪ್ಪುಬಿಳುಪು ಚಿತ್ರದಿಂದ ತೀರ್ಮಾನಿಸಲಾಗದು, ಏಕೆಂದರೆ ಕಂದು ಮತ್ತು ಬೂದು ಬಹುತೇಕ ಒಂದೇ ಛಾಯೆಯಲ್ಲಿ ಕಾಣಬಹುದು. ಅದೇ ಸ್ಕ್ವಾಡ್ರನ್ನಿನ, ಅದೇ ಅವಧಿಯ ಹಲವು ಚಿತ್ರಗಳನ್ನು ಹೋಲಿಸಿ ನೋಡಿ. ಕಿಟ್ ಡಬ್ಬಿಯ ಮೇಲಿನ ವರ್ಣಚಿತ್ರವನ್ನು ನಾನಂತೂ ಪುರಾವೆಯೆಂದು ಪರಿಗಣಿಸುವುದಿಲ್ಲ. ಅದು ಕಲಾವಿದನ ಊಹೆಯೂ ಆಗಿರಬಹುದು. ವಸ್ತುಸಂಗ್ರಹಾಲಯದ ವಿಮಾನಗಳಿಗೂ ಯುದ್ಧಾನಂತರ ಮತ್ತೆ ಬಣ್ಣ ಬಳಿದಿರುವ ಸಾಧ್ಯತೆಯಿದೆ.