ದೆವ್ವಭೂತಗಳನ್ನು ಬೇಟೆಯಾಡುವ ಅಣ್ಣತಮ್ಮಂದಿರ ಕಥೆಯ ಅಮೆರಿಕನ್ ಧಾರಾವಾಹಿ, ಐದು ವಾರಗಳಲ್ಲಿ ‘ಸೂಪರ್‌ನ್ಯಾಚುರಲ್’ನ ಆರು ಸೀಸನ್ ಮುಗಿಸಿದೆ, ಏಳನೆಯದಕ್ಕೆ ಬರುವಷ್ಟರಲ್ಲಿ ಆಸಕ್ತಿಯೇ ಹೊರಟುಹೋಗಿದೆ. ತಪ್ಪು ನನ್ನದೋ, ಧಾರಾವಾಹಿಯದೋ? ಮುಂದುವರಿಸಬೇಕೇ?

ನಾನೂ ಸರಿಯಾಗಿ ಅಲ್ಲಿಯೇ, ಏಳನೆಯ ಸೀಸನ್ನಿನ ಆರಂಭದ ಕಂತುಗಳಲ್ಲಿ, ನಿಂತುಹೋಗಿದ್ದೆ. ದಿನಕ್ಕೆ ನಾಲ್ಕೈದು ಕಂತುಗಳನ್ನು ಕಣ್ಣು ಮಿಟುಕಿಸದೆ ನೋಡುತ್ತಿದ್ದವನು ಒಂದು ರಾತ್ರಿ ಕಂತಿನ ನಡುವೆಯೇ ಮೊಬೈಲ್ ಕೈಗೆತ್ತಿಕೊಂಡೆ. ಪರದೆಯ ಮೇಲೆ ಯಾರೋ ಸತ್ತರು, ಯಾರೆಂದು ಹಿಂದಕ್ಕೆ ಹೋಗಿ ನೋಡಬೇಕೆಂದೂ ಅನಿಸಲಿಲ್ಲ.

ತಪ್ಪಿನಲ್ಲಿ ಇಬ್ಬರಿಗೂ ಪಾಲಿದೆ, ಆದರೆ ದೊಡ್ಡ ಪಾಲು ಧಾರಾವಾಹಿಯದೇ. ಅದನ್ನು ಸೃಷ್ಟಿಸಿದ ಎರಿಕ್ ಕ್ರಿಪ್ಕೆ ಐದು ಸೀಸನ್‌ಗಳ ಕಥೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಹೊರಟವರು. 2010ರ ಮೇ ತಿಂಗಳಲ್ಲಿ ಐದನೆಯ ಸೀಸನ್ ಮುಗಿದಾಗ ತಾಯಿಯ ಸಾವಿನಿಂದ ಆರಂಭವಾದ ಎಳೆ ಪ್ರಳಯದವರೆಗೆ ಸಾಗಿ, ತಮ್ಮ ಸ್ಯಾಮ್ ಸೈತಾನ ಲೂಸಿಫರನೊಂದಿಗೆ ತಾನೂ ಪಾತಾಳಕ್ಕೆ ಹಾರುವಲ್ಲಿ ಪೂರ್ಣಗೊಂಡಿತ್ತು, ಮತ್ತು ಕ್ರಿಪ್ಕೆ ನಿತ್ಯದ ಮೇಲ್ವಿಚಾರಣೆಯನ್ನು ಬೇರೆಯವರಿಗೆ ಒಪ್ಪಿಸಿದರು. ಆಮೇಲೆ ಧಾರಾವಾಹಿ 2020ರವರೆಗೆ ಇನ್ನೂ ಹತ್ತು ಸೀಸನ್ ನಡೆಯಿತು. ನಿಮ್ಮ ಮನಸ್ಸು ಮುಕ್ತಾಯವನ್ನು ಗುರುತಿಸಿದೆ, ಅಷ್ಟೆ. ಸೈತಾನನನ್ನೇ ಸೋಲಿಸಿ ಬಂದವರು ಇನ್ನು ಯಾರಿಗೆ ಹೆದರಿಯಾರು?

ನನ್ನ ಮಟ್ಟಿಗೆ ಇದಕ್ಕಿಂತಲೂ ಮುಖ್ಯವಾದ ಕಾರಣ, ಅಲ್ಲಿ ಸಾವಿಗೆ ಬೆಲೆ ಉಳಿಯದೇ ಹೋದದ್ದು. ಎರಡನೆಯ ಸೀಸನ್ನಿನ ಕೊನೆಯಲ್ಲಿ ಸ್ಯಾಮ್ ಸತ್ತಾಗ ಅಣ್ಣ ಡೀನ್ ತನ್ನ ಆತ್ಮವನ್ನೇ ಒತ್ತೆಯಿಟ್ಟು ಅವನನ್ನು ಮರಳಿ ಪಡೆಯುತ್ತಾನೆ. ಆ ಒಪ್ಪಂದದ ಒಂದು ವರ್ಷದ ಗಡುವು ಮೂರನೆಯ ಸೀಸನ್ನಿನ ಪ್ರತಿ ಕಂತಿನ ಮೇಲೂ ಕತ್ತಿಯಂತೆ ತೂಗುತ್ತಿರುತ್ತದೆ. ಅದೇ ಸೀಸನ್ನಿನಲ್ಲಿ ಒಂದೇ ಮಂಗಳವಾರ ನೂರಕ್ಕೂ ಹೆಚ್ಚು ಬಾರಿ ಮರುಕಳಿಸುವ ಕಂತು ನಿಮಗೆ ನೆನಪಿರಬೇಕು. ಡೀನ್ ದಿನಕ್ಕೊಂದು ರೀತಿಯಲ್ಲಿ ಸಾಯುವುದನ್ನು ಕಂಡು ನಾನು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆ. ಆದರೆ ಕೊನೆಗೂ ಬುಧವಾರ ಬಂದು, ಆ ದಿನ ಅವನು ಗುಂಡೇಟಿನಿಂದ ಸತ್ತು, ದಿನ ಮಾತ್ರ ಮರಳಿ ಆರಂಭವಾಗದೇ ಹೋದಾಗ ನನ್ನ ನಗು ಗಂಟಲಲ್ಲೇ ಉಳಿಯಿತು. ಸತ್ತವರು ಹಿಂದಿರುಗುವುದು ವಾಡಿಕೆಯಾದ ಮೇಲೆ ಅಂಥ ಕಂತನ್ನು ಬರೆಯುವುದೇ ಸಾಧ್ಯವಿರಲಿಲ್ಲ.

ಇನ್ನು ನಮ್ಮ ಪಾಲಿನ ತಪ್ಪು. ಮೊದಲ ಐದು ಸೀಸನ್‌ಗಳಲ್ಲಿ 104 ಕಂತುಗಳಿವೆ. ಕಂತಿಗೆ ಸುಮಾರು 42 ನಿಮಿಷವೆಂದರೂ ಎಪ್ಪತ್ತು ಗಂಟೆ ದಾಟುತ್ತದೆ. 2005ರ ಸೆಪ್ಟೆಂಬರಿನಿಂದ ಸುಮಾರು ಐದು ವರ್ಷ, ವಾರಕ್ಕೊಂದರಂತೆ ಬಡಿಸಿದ್ದನ್ನು ನಾವು ಒಂದು ತಿಂಗಳಲ್ಲಿ ಕಬಳಿಸಿದೆವು. ಹೊಸ ಊರು, ನಿಗೂಢ ಕೊಲೆ, ಸುಳ್ಳು ಗುರುತಿನ ಚೀಟಿ, ಗೋರಿ ಅಗೆದು ಎಲುಬಿಗೆ ಉಪ್ಪು ಸುರಿದು ಸುಡುವುದು, ಕೊನೆಗೆ ಕಾರಿಗೊರಗಿ ಅಣ್ಣತಮ್ಮಂದಿರ ಮನಬಿಚ್ಚಿದ ಮಾತು: ವಾರಕ್ಕೊಮ್ಮೆ ನೋಡುವವನಿಗೆ ಈ ಚೌಕಟ್ಟು ಹಳೆಯ ಸ್ನೇಹಿತನ ಭೇಟಿಯಂತಿರುತ್ತದೆ, ಒಂದೇ ರಾತ್ರಿ ಐದು ಬಾರಿ ನೋಡುವವನಿಗೆ ಅದರ ಎಲುಬುಗಳೇ ಕಾಣತೊಡಗುತ್ತವೆ. ಹಿಂದಿನ ಕಥೆಯನ್ನು ನೆನಪಿಸುವ ಆರಂಭದ ತುಣುಕು ಕೂಡ ಮರೆತವರಿಗಾಗಿ ಇರುವಂಥದ್ದು. ನಮಗೆ ಮರೆಯಲು ಸಮಯವೇ ಇರಲಿಲ್ಲ.

ಹಟಕ್ಕೆ ಬಿದ್ದು ಮುಂದುವರಿಸಬೇಡಿ. ಇಷ್ಟು ನೋಡಿಯಾಗಿದೆ ಎಂಬುದು ಇನ್ನೂ ಎಂಟೂಮುಕ್ಕಾಲು ಸೀಸನ್ ನೋಡಲು ಕಾರಣವಾಗಲಾರದು. ಐದನೆಯ ಸೀಸನ್ನಿನ ಕೊನೆಯನ್ನೇ ಕೊನೆಯೆಂದುಕೊಂಡು ಬಿಟ್ಟರೂ ನಿಮಗೆ ನಷ್ಟವಿಲ್ಲ, ಆದರೆ ಬೀದಿದೀಪದ ಕೆಳಗೆ ಸ್ಯಾಮ್ ನಿಂತಿರುವ ಆ ಕಟ್ಟಕಡೆಯ ಕ್ಷಣವನ್ನು ಮರೆತುಬಿಡಬೇಕಾಗುತ್ತದೆ! ನಾನು ಎಂಟು ತಿಂಗಳು ಆ ಕಡೆ ತಲೆಹಾಕದೆ, ಅನಂತರ ವಾರಕ್ಕೆ ಒಂದೇ ಕಂತು ಎಂಬ ನಿಯಮದೊಂದಿಗೆ ಮರಳಿ ಆರಂಭಿಸಿದೆ. ಮೊದಲಿನ ಹುಚ್ಚು ಮರಳಲಿಲ್ಲ, ಹಾಸ್ಯದ ಕಂತುಗಳು ಮಾತ್ರ ಮತ್ತೆ ರುಚಿಸತೊಡಗಿದವು. ಈಗ ಎಂಟನೆಯ ಸೀಸನ್ನಿನ ನಡುವಿನಲ್ಲಿದ್ದೇನೆ, ಆದ್ದರಿಂದ ಪ್ರತಿಕ್ರಿಯಿಸುವವರು ಮುಂದಿನ ಕಥೆಯನ್ನು ದಯವಿಟ್ಟು ಬರೆಯಬೇಡಿ.