ಅಮ್ಮನ ಜೊತೆ ಅಂಡಮಾನ್‌ಗೆ ಹೊರಟಿದ್ದೀವಿ. ಫೆರಿಗೆ ತಿಮಿಂಗಿಲ ಬಡಿದರೆ ಏನು ಗತಿ?

ಜಪಾನಿನ ಬೋಟಿನ ಸುದ್ದಿ ನೋಡಿ ಹೆದರಿ, ಪೋರ್ಟ್ ಬ್ಲೇರ್–ಹ್ಯಾವ್‌ಲಾಕ್ ಟಿಕೆಟ್ ಕ್ಯಾನ್ಸಲ್ ಮಾಡಲಾ ಅಂತ ಕೇಳಿದ್ದೀರಿ. ಬೇಡ, ಹೋಗಿ ಬನ್ನಿ. ಬೋಟ್ ಮುಳುಗುತ್ತೆ ಅನ್ನೋ ಭಯ ಬಿಡಿ, ಅಮ್ಮನ ಸೊಂಟದ ಬಗ್ಗೆ ಮಾತ್ರ ಸ್ವಲ್ಪ ಯೋಚನೆ ಮಾಡಿ.

2019ರ ಮಾರ್ಚ್‌ನಲ್ಲಿ ಸಾಡೋ ದ್ವೀಪದ ಹತ್ತಿರ ಆ ಬೋಟ್ ಯಾವುದೋ ದೊಡ್ಡ ಸಮುದ್ರಜೀವಿಗೆ ಬಡಿದಾಗ 80ಕ್ಕೂ ಹೆಚ್ಚು ಜನರಿಗೆ ಪೆಟ್ಟಾಯಿತು. ಆದರೆ ಬೋಟ್ ಮುಳುಗಲಿಲ್ಲ. ಅದು ಜೆಟ್‌ಫಾಯಿಲ್. ನೀರೊಳಗಿನ ರೆಕ್ಕೆಗಳ ಮೇಲೆ ಎದ್ದು ನಿಂತು ಗಂಟೆಗೆ ಸುಮಾರು 80 ಕಿ.ಮೀ. ವೇಗದಲ್ಲಿ ಓಡುವಂಥದ್ದು, ಅಂದರೆ ಸೆಕೆಂಡಿಗೆ 22 ಮೀಟರ್. ಮುನ್ನೂರು ಮೀಟರ್ ದೂರದಲ್ಲಿ ತಿಮಿಂಗಿಲದ ಬೆನ್ನು ಕಂಡರೂ ಕ್ಯಾಪ್ಟನ್ ಕೈಲಿರೋದು ಹದಿಮೂರು ಸೆಕೆಂಡ್. ಸ್ಪರ್ಮ್ ತಿಮಿಂಗಿಲವಂತೂ ನೀರಿನ ಮಟ್ಟದ ಸ್ವಲ್ಪ ಕೆಳಗೆ ನೆಟ್ಟಗೆ ನಿಂತೇ ನಿದ್ದೆ ಮಾಡುತ್ತೆ, ಕಾಣೋದಾದರೂ ಹೇಗೆ? ರೆಕ್ಕೆಗೆ ಏನಾದರೂ ಬಡಿದರೆ ಬೋಟ್ ದಬಕ್ಕನೆ ನೀರಿಗೆ ಕುಕ್ಕುತ್ತೆ.

ನಾನು ತುಮಕೂರಿನಲ್ಲಿ ಎಕ್ಸ್‌ರೇ ಟೆಕ್ನಿಷಿಯನ್. ಬಸ್ಸಿನ ಕೊನೇ ಸೀಟಲ್ಲಿ ಕೂತವರು ಹಂಪ್ ಹಾರಿದಾಗ ಮೇಲೆದ್ದು ಸೀಟಿಗೆ ಕುಕ್ಕಿ ಬೀಳ್ತಾರಲ್ಲ, ಹಾಗೆ ಬಿದ್ದು ಬಂದವರ ಫಿಲ್ಮ್ ತೆಗೆದಿದ್ದೀನಿ. ಬೆನ್ನುಮೂಳೆಯ ಒಂದು ಮಣಿಯ ಮುಂಭಾಗ ಅಮುಕಿಹೋಗಿ ಓರೆಯಾಗಿರುತ್ತೆ. ಹೆಚ್ಚಿನವರು ಅರವತ್ತು ದಾಟಿದ ಹೆಂಗಸರು. ಮೂಳೆ ಸವೆದಿದ್ದವರಿಗೆ ಅಷ್ಟು ಸಾಕು. "ಏನಿಲ್ಲಪ್ಪ, ಸ್ವಲ್ಪ ಉಳುಕಿದೆ" ಅಂತಲೇ ಬರ್ತಾರೆ ಪಾಪ. ಜೆಟ್‌ಫಾಯಿಲ್ ಕುಕ್ಕಿದಾಗಲೂ ಸೊಂಟ, ಬೆನ್ನಿಗೆ ಬೀಳೋ ಪೆಟ್ಟು ಇದೇ ಥರದ್ದು.

ಹ್ಯಾವ್‌ಲಾಕ್‌ಗೆ ಓಡಾಡೋ ಖಾಸಗಿ ಫೆರಿಗಳಲ್ಲಿ ಹೆಚ್ಚಿನವು ಕ್ಯಾಟಮರಾನ್‌ಗಳು. ಎರಡು ಒಡಲಿನ ಮೇಲೆ ನೀರಲ್ಲೇ ಕೂತು ಸಾಗುತ್ತವೆ, ವೇಗವೂ ಜೆಟ್‌ಫಾಯಿಲ್‌ಗಿಂತ ಎಷ್ಟೋ ಕಡಿಮೆ. ಮೇಲಿಂದ ಕೆಳಗೆ ಬೀಳೋ ಪ್ರಶ್ನೆ ಇಲ್ಲ. ಏನಾದರೂ ಬಡಿದರೆ ಮುಂದಕ್ಕೆ ಮುಗ್ಗರಿಸಬಹುದು ಅಷ್ಟೇ, ಅದೂ ತೀರಾ ಅಪರೂಪ. ಅದಕ್ಕಿಂತ ಅಲೆಯ ಎತ್ತಾಟವೇ ಜಾಸ್ತಿ.

ಪ್ರಾಣಿಯ ಕಥೆ ಬೇರೆ. ವೇಗ 15 ನಾಟ್ ಆದರೆ, ಅಂದರೆ ಗಂಟೆಗೆ 28 ಕಿ.ಮೀ., ಪೆಟ್ಟು ತಿಂದ ದೊಡ್ಡ ತಿಮಿಂಗಿಲ ಸಾಯೋ ಸಂಭವ ನೂರಕ್ಕೆ ಸುಮಾರು 80. 12 ನಾಟ್‌ಗಿಂತ ಕೆಳಗಿಳಿದರೆ ಅರ್ಧಕ್ಕಿಂತ ಕಡಿಮೆ. ಅಮೆರಿಕದವರು 2008ರಲ್ಲಿ ಪೂರ್ವ ಕರಾವಳಿಯ ಕೆಲವು ಕಡೆ, ರೈಟ್ ಅನ್ನೋ ಜಾತಿಯ ತಿಮಿಂಗಿಲ ಬರೋ ಕಾಲದಲ್ಲಿ, ದೊಡ್ಡ ಹಡಗುಗಳಿಗೆ 10 ನಾಟ್ ಮಿತಿ ಹಾಕಿದ್ದು ಇದಕ್ಕೇ. ಪ್ರಯಾಣಿಕರಿಗೂ ಅದರಿಂದ ಲಾಭವೇ, ಆದರೆ ಬೇಗ ತಲುಪಬೇಕು ಅಂತಲೇ ದುಡ್ಡು ಕೊಡೋರು ನಾವು.

ಸೀಟು ಆರಿಸೋಕೆ ಬಿಟ್ಟರೆ ಮಧ್ಯದ ಅಥವಾ ಸ್ವಲ್ಪ ಹಿಂದಿನ ಸಾಲು ತಗೊಳ್ಳಿ, ಮೂತಿಯ ಕಡೆ ಎತ್ತಾಟ ಹೆಚ್ಚು. ಅಮ್ಮ ಸೀಟಿಗೆ ಬೆನ್ನು ಪೂರ್ತಿ ಒರಗಿಸಿ ಕೂರಲಿ. ಬೆಲ್ಟ್ ಇದ್ದರೆ ಹೊಟ್ಟೆ ಮೇಲೆ ಬೇಡ, ಸೊಂಟದ ಮೂಳೆ ಮೇಲೆ ಬರೋ ಹಾಗೆ ಬಿಗೀರಿ. ಬೋಟ್ ಓಡ್ತಿರುವಾಗ ಟಾಯ್ಲೆಟ್‌ಗೆ ಒಬ್ಬರನ್ನೇ ಕಳಿಸಬೇಡಿ. ಲೈಫ್ ಜಾಕೆಟ್ ಎಲ್ಲಿದೆ ಅಂತ ಹತ್ತಿದ ತಕ್ಷಣ ನೋಡಿಟ್ಟುಕೊಳ್ಳಿ. ವಾಂತಿ ಮಾತ್ರೆಯನ್ನು ಡಾಕ್ಟರನ್ನು ಕೇಳಿ, ಹತ್ತೋ ಮೊದಲೇ ಕೊಡಿ, ತಲೆ ಸುತ್ತೋಕೆ ಶುರುವಾದ ಮೇಲೆ ಕೊಟ್ಟರೆ ಅದೂ ಆಚೆಗೇ ಬರುತ್ತೆ.