ಪುಣೆ ಸುತ್ತ ಗುಡ್ಡ ಹತ್ತದೆ ನೀರಿನ ಪಕ್ಕ ನಡೆಯಬೇಕೆಂದರೆ

ನಿಮ್ಮ ಪ್ರಶ್ನೆ ಇಷ್ಟು: ಹಿಂಜೇವಾಡಿಯಲ್ಲಿ ಕೆಲಸ, ಡಿಸೆಂಬರ್‌ನಲ್ಲಿ ದಾವಣಗೆರೆಯಿಂದ ಅಪ್ಪ ಅಮ್ಮ ಬರುತ್ತಾರೆ, ಅಮ್ಮನಿಗೆ ಮಂಡಿನೋವು, ಕೋಟೆ ಗೀಟೆ ಬೇಡ. ಅಣೆಕಟ್ಟೋ ನದಿಯೋ ಪಕ್ಕದಲ್ಲಿರಬೇಕು, ಸುಮ್ನೆ ಒಂದೆರಡು ಗಂಟೆ ನಡೆಯಬೇಕು, ಒಂದು ಸುತ್ತು ಹಾಕಿ ಹೊರಟಲ್ಲಿಗೇ ಬರುವ ಹಾಗಿದ್ದರೆ ಇನ್ನೂ ಒಳ್ಳೆಯದು.

ಮೊದಲು ಆ ಸುತ್ತು ಹಾಕುವ ಆಸೆ ಬಿಡಿ. ನಮ್ಮೂರ ಕೆರೆ ಏರಿಯ ಮೇಲೆ ಸುತ್ತಿದ ಹಾಗೆ ಇಲ್ಲಿನ ಜಲಾಶಯ ಸುತ್ತಲು ಆಗುವುದಿಲ್ಲ. ಹಿನ್ನೀರು ಕಣಿವೆ ಕಣಿವೆಗೂ ನುಗ್ಗಿರುತ್ತದೆ, ಎದುರಿಗೆ ಕಾಣುವ ದಡಕ್ಕೆ ಹೋಗಲು ಹತ್ತಾರು ಕಿಲೋಮೀಟರ್ ಬಳಸಬೇಕು. ಇನ್ನು ನೀರಿಗೆ ಹತ್ತಿರದ ಜಮೀನು ಎಷ್ಟೋ ಕಡೆ ಫಾರ್ಮ್‌ಹೌಸ್, ರೆಸಾರ್ಟ್‌ಗಳ ಬೇಲಿಯ ಒಳಗಿದೆ. ಅಣೆಕಟ್ಟಿನ ಮೇಲೂ ಸಾಮಾನ್ಯವಾಗಿ ಬಿಡುವುದಿಲ್ಲ. ಹಾಗಾಗಿ ಹೋದ ದಾರಿಯಲ್ಲೇ ವಾಪಸ್ ಬರುವ ನಡಿಗೆ ಅಂತ ಇಟ್ಟುಕೊಳ್ಳಿ. ಮಂಡಿನೋವಿನವರಿಗೆ ಅದೇ ಅನುಕೂಲ, ಸಾಕೆನಿಸಿದಲ್ಲಿ ತಿರುಗಿಬಿಡಬಹುದು.

ಎರಡನೆಯದು, ಇಲ್ಲಿ ಜಾಗಕ್ಕಿಂತ ಮೊದಲು ತಿಂಗಳು ನೋಡಬೇಕು. ಇದನ್ನು ಯಾರೂ ಹೇಳುವುದಿಲ್ಲ, ಎಲ್ಲರೂ ಜಾಗದ ಹೆಸರಿನ ಪಟ್ಟಿ ಕೊಡುತ್ತಾರೆ ಅಷ್ಟೇ. ಜುಲೈ, ಆಗಸ್ಟ್‌ನಲ್ಲಿ ಅಣೆಕಟ್ಟು ತುಂಬುತ್ತದೆ, ಡಿಸೆಂಬರ್‌ನಲ್ಲೂ ನೀರು ಮೇಲೆಯೇ ಇರುತ್ತದೆ, ಆಗ ದಂಡೆ ಅಂತ ಪ್ರತ್ಯೇಕ ಇರುವುದೇ ಕಡಿಮೆ. ಹುಲ್ಲು ಮುಗಿದಲ್ಲಿ ನೀರು. ಫೆಬ್ರವರಿಯಿಂದ ಮೇ ತನಕ ನೀರು ಇಳಿಯುತ್ತಾ ಹೋದಂತೆ ಅಗಲವಾದ ಬಯಲು ಹೊರಬರುತ್ತದೆ. ಫೋಟೋಗಳಲ್ಲಿ ಜನ ಕೆರೆಯ ಒಳಗೇ ನಡೆದ ಹಾಗೆ ಕಾಣುತ್ತಾರಲ್ಲ, ಅದು ಬೇಸಿಗೆಯದು. ಆ ಬಯಲಲ್ಲೂ ಒಣಗಿ ಬಿರುಕು ಬಿಟ್ಟ ಮಣ್ಣಿನ ಮೇಲೆ ಮಾತ್ರ ಕಾಲಿಡಬೇಕು. ನೀರಿನ ಅಂಚಿನ ಕಪ್ಪು ಮಣ್ಣು ಮೇಲೆ ಗಟ್ಟಿ ಕಂಡರೂ ಒಳಗೆ ಕೆಸರು, ಕಾಲು ಹೂತರೆ ಚಪ್ಪಲಿ ಅಲ್ಲೇ. ಕೆಲವು ಕಡೆ ರೈತರು ನೀರು ಇಳಿದ ಜಾಗದಲ್ಲಿ ಬೆಳೆ ಹಾಕಿರುತ್ತಾರೆ, ಅದನ್ನು ತುಳಿಯಬೇಡಿ.

ಹೆಚ್ಚಿನವರು ಹೇಳುವ ಹೆಸರು ಖಡಕ್‌ವಾಸ್ಲಾ. ಸಿಂಹಗಡ ರಸ್ತೆಯಲ್ಲಿ ಹೋದರೆ ಸಿಗುತ್ತದೆ, ಸಿಟಿ ಬಸ್ಸೂ ಇದೆ. ಆದರೆ ಅಲ್ಲಿನ ನಡಿಗೆ ಅಂದರೆ ಒಂದು ಕಡೆ ನೀರು, ಇನ್ನೊಂದು ಕಡೆ ವಾಹನ, ನಡುವೆ ಭಜಿ, ಸುಟ್ಟ ಜೋಳದ ತೆನೆಯ ಗಾಡಿಗಳು. ಭಾನುವಾರ ಸಂಜೆ ಅದು ಜಾತ್ರೆ. ಎದುರಿನ ದಡ ರಾಷ್ಟ್ರೀಯ ರಕ್ಷಣಾ ಅಕಾಡೆಮಿಯದು, ಅಲ್ಲಿಗೆ ಪ್ರವೇಶ ಇಲ್ಲ. ಆದರೂ ಅಪ್ಪನನ್ನು ಒಂದು ಸಲ ಅಲ್ಲಿ ಇಳಿಸಿ ಎನ್ನುತ್ತೇನೆ, ಕಾರಣ ವಿಶ್ವೇಶ್ವರಯ್ಯ. ಅವರು ಇಂಜಿನಿಯರಿಂಗ್ ಓದಿದ್ದು ಪುಣೆಯಲ್ಲಿ. ನೀರು ಒಂದು ಮಟ್ಟ ದಾಟಿದರೆ ತಾವೇ ತೆರೆದುಕೊಳ್ಳುವ ಗೇಟುಗಳನ್ನು ಅವರು ಮೊದಲು ಹಾಕಿಸಿದ್ದು ಇದೇ ಖಡಕ್‌ವಾಸ್ಲಾದಲ್ಲಿ, 1903ರಲ್ಲಿ. ಕಟ್ಟೆಯನ್ನು ಎತ್ತರಿಸದೆಯೇ ಜಾಸ್ತಿ ನೀರು ನಿಲ್ಲಿಸುವ ಉಪಾಯ ಅದು. ಆಮೇಲೆ ಗ್ವಾಲಿಯರ್‌ನ ತಿಗ್ರಾಕ್ಕೆ ಹೋಯಿತು, ನಮ್ಮ ಕೆಆರ್‌ಎಸ್‌ಗೂ ಬಂತು. ದಾವಣಗೆರೆಯವರಿಗೆ ಈ ಕಥೆ ಹೇಳಿದರೆ ಟ್ರಾಫಿಕ್ ಕ್ಷಮಿಸುತ್ತಾರೆ, ಅಲ್ವಾ?

ಇನ್ನೊಂದು ಕಥೆಯೂ ಆ ನೀರಿನದ್ದೇ. 1961ರ ಜುಲೈ 12ರಂದು ಮೇಲ್ಗಡೆಯ ಪಾನ್‌ಶೇತ್ ಅಣೆಕಟ್ಟು ಒಡೆಯಿತು. ಆ ನೀರನ್ನು ಖಡಕ್‌ವಾಸ್ಲಾ ತಡೆಯಲಾಗಲಿಲ್ಲ, ಅದೂ ಒಡೆದು ಪುಣೆಯ ನದಿ ದಂಡೆಯ ಪೇಟೆಗಳೆಲ್ಲ ಮುಳುಗಿದವು. ಹಳೆಯ ಪುಣೆಯವರ ಜೊತೆ ಮಾತಾಡಿದರೆ ಈಗಲೂ ಆ ಪ್ರವಾಹದ ಮಾತು ಬರುತ್ತದೆ. ಈಗ ಪಾನ್‌ಶೇತ್, ವರಸಗಾವ್, ಟೆಮ್‌ಘರ್, ಖಡಕ್‌ವಾಸ್ಲಾ ನಾಲ್ಕೂ ಸೇರಿ ಸುಮಾರು 29 ಟಿಎಂಸಿ. ಕೆಆರ್‌ಎಸ್ ಒಂದರಲ್ಲೇ 49 ಟಿಎಂಸಿ ಹಿಡಿಯುತ್ತದೆ ಅಂದರೆ ಅಳತೆ ಗೊತ್ತಾಗಬಹುದು. ಖಡಕ್‌ವಾಸ್ಲಾ ಈ ನಾಲ್ಕರಲ್ಲಿ ತೀರಾ ಚಿಕ್ಕದು, ಎರಡು ಟಿಎಂಸಿಯೂ ಇಲ್ಲ. ಹಾಗಾಗಿ ಮಳೆಗಾಲದಲ್ಲಿ ಬೇಗ ತುಂಬಿ ಮುಠಾ ನದಿಗೆ ನೀರು ಬಿಡುತ್ತಾರೆ. ಬಿಟ್ಟ ದಿನ ನಗರದೊಳಗಿನ ಭಿಡೆ ಸೇತುವೆ ನೀರಿನ ಅಡಿಗೆ ಹೋಗುತ್ತದೆ, ನದಿ ಪಕ್ಕದ ರಸ್ತೆ ಮುಚ್ಚುತ್ತಾರೆ.

ನಿಜವಾಗಿ ನಡೆಯಬೇಕೆಂದರೆ ಖಡಕ್‌ವಾಸ್ಲಾದಲ್ಲಿ ನಿಲ್ಲದೆ ಮುಂದೆ ಹೋಗಿ. ಡೋಣಜೆ ಫಾಟಾದಲ್ಲಿ ಸಿಂಹಗಡಕ್ಕೆ ಹೋಗುವವರೆಲ್ಲ ಎಡಕ್ಕೆ ತಿರುಗುತ್ತಾರೆ. ನೀವು ನೇರ ಖಾನಾಪುರದ ಕಡೆ ಹೋಗಿ, ಅರ್ಧ ಗದ್ದಲ ಅಲ್ಲೇ ಕಳಚಿಕೊಳ್ಳುತ್ತದೆ. ಖಾನಾಪುರ ದಾಟಿದ ಮೇಲೆ ಪಾನ್‌ಶೇತ್ ತನಕ ರಸ್ತೆ ಹೆಚ್ಚು ಕಡಿಮೆ ನೀರಿನ ಜೊತೆಯೇ ಸಾಗುತ್ತದೆ. ಡಿಸೆಂಬರ್‌ನಲ್ಲಿ ಭತ್ತ ಕೊಯ್ದು ಗದ್ದೆ ಖಾಲಿ, ಬದುವಿನ ಮೇಲೆ ಹುಲ್ಲಿನ ಬಣವೆ, ಬಲಗಡೆ ಹಿನ್ನೀರು. ಊರೊಳಗಿನ ಯಾವುದಾದರೂ ಮಣ್ಣಿನ ದಾರಿ ಹಿಡಿದು, ಅಲ್ಲಿ ಸಿಕ್ಕವರನ್ನು ನೀರಿನ ತನಕ ಹೋಗಬಹುದಾ ಅಂತ ಕೇಳಿಬಿಡಿ. ಹರಕು ಮುರುಕು ಮರಾಠಿ ಸಾಕು, ಉತ್ತರ ಕರ್ನಾಟಕದ ಕಡೆಯವರಿಗೆ ಅದೂ ಬೇಡ, ಅರ್ಧ ಅರ್ಥವಾಗುತ್ತದೆ. ಬೆಳಿಗ್ಗೆ ಏಳರಿಂದ ಒಂಬತ್ತರ ತನಕ ಮಂಜು, ನೀರುಕಾಗೆ, ಬೆಳ್ಳಕ್ಕಿ. ಅದೃಷ್ಟ ಇದ್ದರೆ ಕಪ್ಪು ಬಿಳಿ ಮಿಂಚುಳ್ಳಿ ನೀರಿನ ಮೇಲೆ ನಿಂತಲ್ಲೇ ರೆಕ್ಕೆ ಬಡಿದು ಕಲ್ಲಿನಂತೆ ಬೀಳುವುದನ್ನು ನೋಡಬಹುದು. ಪಾನ್‌ಶೇತ್ ಮತ್ತು ವರಸಗಾವ್ ಅಣೆಕಟ್ಟುಗಳು ಅಕ್ಕಪಕ್ಕದಲ್ಲೇ ಇವೆ, ಒಂದು ಅಂಬಿ ನದಿಗೆ, ಒಂದು ಮೋಸಿ ನದಿಗೆ. ಊಟಕ್ಕೆ ಪಿಠಲೆ ಭಾಕರಿ ಸಿಗುತ್ತದೆ. ನಿಮ್ಮಮ್ಮ ಅದನ್ನು ನೋಡಿ ಇದು ನಮ್ಮ ಝುಣಕ ರೊಟ್ಟಿ ತಾನೇ ಎಂದು ಖಂಡಿತ ಕೇಳುತ್ತಾರೆ. ಶೌಚಾಲಯದ ವಿಷಯ ಮಾತ್ರ ಮೊದಲೇ ಯೋಚಿಸಿ. ಸಿಂಹಗಡ ರಸ್ತೆಯ ಹೋಟೆಲ್‌ಗಳಲ್ಲೇ ಮುಗಿಸಿಕೊಂಡು ಮುಂದೆ ಹೊರಡಿ, ಆಮೇಲೆ ಕಷ್ಟ.

ಹಿಂಜೇವಾಡಿಯಿಂದ ಹತ್ತಿರ ಬೇಕಾದರೆ ಘೋಟಾವಡೆ, ಪೌಡ್ ಮೂಲಕ ಮುಳಶಿ ಜಲಾಶಯ. ಅಲ್ಲಿ ನೀರು ವಿಶಾಲ, ಸಹ್ಯಾದ್ರಿ ಹಿಂದೆಯೇ ನಿಂತಿರುತ್ತದೆ. ನೋಡಲು ಎಲ್ಲಕ್ಕಿಂತ ಚೆಂದ ಅದೇ. ನಡೆಯಲು ಅಲ್ಲ, ತಾಮ್ಹಿಣಿ ಘಾಟ್ ಕಡೆ ಹೋಗುವ ಕಾರುಗಳು ವೇಗವಾಗಿ ಬರುತ್ತವೆ. ಪೂರ್ವಕ್ಕೆ ಹರಿಯಬೇಕಾದ ಮುಳಾ ನದಿಯ ನೀರನ್ನು ಇಲ್ಲಿ ಟಾಟಾದವರು ಪಶ್ಚಿಮಕ್ಕೆ ತಿರುಗಿಸಿ, ಘಟ್ಟದ ಕೆಳಗಿನ ಭಿರಾದಲ್ಲಿ ಕರೆಂಟ್ ತೆಗೆಯುತ್ತಾರೆ. ಇದಕ್ಕಾಗಿ ಊರುಗಳು ಮುಳುಗುತ್ತವೆಂದು 1921ರಲ್ಲಿ ಸೇನಾಪತಿ ಬಾಪಟ್ ಮುಂದಾಳತ್ವದಲ್ಲಿ ರೈತರು ಸತ್ಯಾಗ್ರಹ ಮಾಡಿದ್ದರು. ಲೋಣಾವಳ ಹತ್ತಿರದ ಪವನಾ ಕೆರೆಗೆ ಹೋಗಬೇಡಿ ಅಂತ ಹೇಳುವುದಿಲ್ಲ, ಆದರೆ ಡಿಸೆಂಬರ್ ಕೊನೆಯ ವಾರ ಟೆಂಟ್, ಸ್ಪೀಕರ್‌ಗಳ ಕಾಟ ಇದ್ದೇ ಇರುತ್ತದೆ.

ನದಿ ಬೇಕೆಂದರೆ ನನ್ನ ಮತ ತುಳಾಪುರಕ್ಕೆ. ನಗರದೊಳಗಿನ ಮುಠಾ, ಮುಳಾ ಎರಡೂ ಕೊಳಚೆ ವಾಸನೆ, ಅಪ್ಪ ಅಮ್ಮನನ್ನು ಅಲ್ಲಿಗೆ ಕರೆದುಕೊಂಡು ಹೋಗಿ ಏನು ತೋರಿಸುತ್ತೀರಿ? ತುಳಾಪುರ ನಗರ್ ರಸ್ತೆಯಲ್ಲಿ ಲೋಣಿಕಂದದಿಂದ ಒಳಗೆ, ಪುಣೆಯಿಂದ ಸುಮಾರು 30 ಕಿ.ಮೀ. ಭೀಮಾ, ಭಾಮಾ, ಇಂದ್ರಾಯಣಿ ಕೂಡುವ ಜಾಗ. ಸಂಗಮೇಶ್ವರನ ಹಳೆಯ ಗುಡಿ, ಘಾಟು, 1689ರಲ್ಲಿ ಕೊಲ್ಲಲ್ಪಟ್ಟ ಸಂಭಾಜಿ ಮಹಾರಾಜರ ಸ್ಮಾರಕ, ಎಲ್ಲ ಸಮತಟ್ಟು. ಅಮ್ಮ ನಡೆದಷ್ಟು ನಡೆದು ಕಟ್ಟೆಯ ಮೇಲೆ ಕೂತುಕೊಳ್ಳಬಹುದು. ಇಲ್ಲಿ ಕಾಣುವ ಭೀಮೆಯೇ ಪಂಢರಪುರ ದಾಟಿ ನಮ್ಮ ಗಾಣಗಾಪುರಕ್ಕೆ ಹೋಗುವುದು, ಗಾಣಗಾಪುರಕ್ಕೆ ಹೋಗಿಬಂದವರಿದ್ದರೆ ಅವರಿಗೆ ಇದು ಬೇರೆ ಊರಿನ ನದಿ ಅನಿಸುವುದಿಲ್ಲ.

ಮಳೆಗಾಲದಲ್ಲಿ ಅಪ್ಪ ಅಮ್ಮನನ್ನು ಮತ್ತೆ ಕರೆಸುವ ಯೋಚನೆ ಇದ್ದರೆ ನೀರಿನ ಅಂಚು ಬೇಡ. 2025ರ ಜೂನ್‌ನಲ್ಲಿ ಇಂದ್ರಾಯಣಿಯ ಕುಂಡಮಳಾದಲ್ಲಿ ಭಾನುವಾರದ ಜನಸಂದಣಿಗೆ ಹಳೆಯ ಸೇತುವೆ ಕುಸಿದು ನಾಲ್ವರು ಸತ್ತರು. ಮಳೆಗಾಲದಲ್ಲಿ ಆಡಳಿತ ಕೆಲವು ಜಾಗಗಳಿಗೆ ನಿಷೇಧ ಹಾಕುತ್ತದೆ, ಹೊರಡುವ ಮುಂಚೆ ಸುದ್ದಿ ನೋಡಿ. ಯಾವ ಕಾಲದಲ್ಲೂ ಈಜಲು ಮಾತ್ರ ಇಳಿಯಬೇಡಿ, ಅಣೆಕಟ್ಟಿನ ನೀರು ದಂಡೆಯ ಹತ್ತಿರವೇ ತಟ್ಟನೆ ಆಳವಾಗುತ್ತದೆ.

ಡಿಸೆಂಬರ್‌ಗೆ ನಾನಾದರೆ ಹೀಗೆ ಮಾಡುತ್ತೇನೆ: ಒಂದು ವಾರದ ದಿನ ರಜೆ ಹಾಕಿ ಪಾನ್‌ಶೇತ್ ಕಡೆ, ಬೆಳಿಗ್ಗೆ ಆರಕ್ಕೇ ಮನೆ ಬಿಟ್ಟು. ಇನ್ನೊಂದು ದಿನ ತುಳಾಪುರ, ಸಂಜೆ ಬಿಸಿಲು ಇಳಿದ ಮೇಲೆ. ಭಾನುವಾರ ಮನೆಯಲ್ಲೇ. ಅವರು ಜನವರಿ ಕೊನೆ ತನಕ ಉಳಿಯುವ ಹಾಗಿದ್ದರೆ ಸೋಲಾಪುರ ರಸ್ತೆಯಲ್ಲಿ ಸುಮಾರು 100 ಕಿ.ಮೀ. ದೂರದ ಭಿಗ್ವಣ್ ಸೇರಿಸಿ. ಅದು ಉಜನಿ ಅಣೆಕಟ್ಟಿನ ಹಿನ್ನೀರು, ಗದಗದ ಮಾಗಡಿ ಕೆರೆಗೆ ಬರುವ ಪಟ್ಟೆತಲೆ ಹೆಬ್ಬಾತು ಅಲ್ಲಿಗೂ ಬರುತ್ತದೆ, ಜೊತೆಗೆ ಫ್ಲೆಮಿಂಗೋ. ಕುಂಭಾರಗಾವ್‌ನಲ್ಲಿ ಮೀನುಗಾರರೇ ದೋಣಿಯಲ್ಲಿ ಕರೆದುಕೊಂಡು ಹೋಗುತ್ತಾರೆ, ಮಂಡಿಗೆ ಕೆಲಸವೇ ಇಲ್ಲ. ಡಿಸೆಂಬರ್ ಶುರುವಿನಲ್ಲೇ ಹೋದರೆ ನೀರು ಇನ್ನೂ ಜಾಸ್ತಿ ಇರುತ್ತದೆ, ಫ್ಲೆಮಿಂಗೋಗೆ ಬೇಕಾದ ಆಳವಿಲ್ಲದ ನೀರು ಕಡಿಮೆ, ಅದಕ್ಕೇ ಜನವರಿ ಕೊನೆ ಎಂದೆ.